ಶಿವಕ್ಕ ಕಿವಿಯಲ್ಲಿ ಹೇಳಿದ ಹೆಸರು

ಮೊಮ್ಮಗಳನ್ನು ಮೊದಲ ಸಲ ತೊಡೆಯ ಮೇಲೆ ಹಾಕಿಕೊಂಡಾಗ ಶಿವಕ್ಕನ ಮನಸ್ಸಿನಲ್ಲಿ ಒಂದು ಆಸೆ ಎದ್ದು ಕೂತಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಎರಡು ಸಾವಿರದ ಐದನೇ ಇಸವಿಯ ಫೆಬ್ರವರಿ. ಲಂಡನ್ನಿನ ಆಸ್ಪತ್ರೆಯ ಕಿಟಕಿಯಾಚೆ ನಿಂತ ಕಾರುಗಳ ಮೇಲೆ ತೆಳ್ಳಗೆ ಹಿಮ ಬಿದ್ದಿತ್ತು. ಸೊಸೆ ನಿಖಿತಾ ದಿಂಬಿಗೊರಗಿ ಅರೆನಿದ್ದೆಯಲ್ಲಿದ್ದಳು. ಮಗ ಪ್ರಸಾದ ಮಗುವಿನ ಕಾಲಿನ ಬೆರಳುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

“ಸಾನ್ವಿ ಅಂತ ಇವರಿಬ್ರೂ ಆಗಲೇ ಮಾತಾಡ್ಕೊಂಡ್ಬಿಟ್ಟಿದಾರೆ,” ಎಂದರು ನಿಖಿತಾಳ ತಂದೆ ಡಾಕ್ಟರ್ ನರಸಿಂಹಮೂರ್ತಿ. “ಸಾನ್ವಿ ಪ್ರಸಾದ್. ಇಲ್ಲಿನವರ ನಾಲಿಗೆಗೂ ಸುಲಭ. ನಮ್ಮಲ್ಲಿ ಹೇಗೂ ಅಪ್ಪನ ಹೆಸರೇ ಮಕ್ಕಳಿಗೆ ಅಲ್ವಾ. ಏನಂತೀರಿ ಶಿವಕ್ಕನೋರೇ?”

“ಛಲೋ ಐತ್ರಿ,” ಎಂದಳು ಶಿವಕ್ಕ.

ನರಸಿಂಹಮೂರ್ತಿ ಮೈಸೂರಿನವರು. ಲಂಡನ್ನಿಗೆ ಬಂದು ಎಷ್ಟೋ ವರ್ಷವಾಗಿತ್ತು, ಸ್ಟ್ಯಾನ್ಮೋರಿನಲ್ಲಿ ಸ್ವಂತ ಮನೆ. ಅವರ ಮನೆಯಲ್ಲಿ ಅಡ್ಡಹೆಸರು ಎಂಬುದೇ ಇಲ್ಲ. ಅಪ್ಪನ ಹೆಸರು ಮಗನ ಬೆನ್ನಿಗೆ, ಮಗನ ಹೆಸರು ಅವನ ಮಕ್ಕಳ ಬೆನ್ನಿಗೆ. ಆದರೆ ಶಿವಕ್ಕ ಧಾರವಾಡದವಳು. ಅವಳ ಮಗ ಪ್ರಸಾದ ಹೂಗಾರ, ತೀರಿಕೊಂಡ ಗಂಡ ವೀರಣ್ಣ ಹೂಗಾರ, ಅವಳ ತವರಿನವರೂ ಹೂಗಾರರೇ. ವೀರಣ್ಣನಿಗೆ ಅಣ್ಣತಮ್ಮಂದಿರಿರಲಿಲ್ಲ. ಈ ಕೂಸು ಸಾನ್ವಿ ಪ್ರಸಾದ್ ಆದರೆ ಹೂಗಾರ ಎಂಬ ಹೆಸರು ಅವಳ ಮಗನೊಂದಿಗೆ ಮುಗಿಯುತ್ತಿತ್ತು. ಮುಗಿಯಬಾರದು ಎಂಬುದೇ ಅವಳ ಆಸೆ. ಕೇಳಲು ಮಾತ್ರ ಬಾಯಿ ಬರಲಿಲ್ಲ. ಆ ಹೆಸರನ್ನು ಇಷ್ಟು ವರ್ಷ ಲಂಡನ್ನಿನಲ್ಲಿ ಬಚ್ಚಿಟ್ಟುಕೊಂಡು ಬಂದವಳು ಬೇರೆ ಯಾರೂ ಅಲ್ಲ, ಅವಳೇ.

ಬಚ್ಚಿಡಲು ಅವಳಿಗೆ ಕಾರಣವಿತ್ತು.

ಅವಳ ಅಪ್ಪ ಧಾರವಾಡದಲ್ಲಿ ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಮನೆ ಮನೆಗೆ ಹೋಗುತ್ತಿದ್ದ. ಬುಟ್ಟಿಯಲ್ಲಿ ಒದ್ದೆ ಬಟ್ಟೆಯ ಕೆಳಗೆ ಹೂವು, ಪತ್ರಿ. ಪತ್ರಿ ಎಂದರೆ ಬಿಲ್ವದ ಎಲೆ. ಕಟ್ಟೆಯ ಮೇಲೆ ಆಯಾ ಮನೆಯ ಪಾಲು ಇಟ್ಟು ಮುಂದಿನ ಮನೆಗೆ ಹೋಗುವುದು, ಅಷ್ಟೇ. ಒಮ್ಮೊಮ್ಮೆ ಶಿವಕ್ಕನೂ ಹೋಗುತ್ತಿದ್ದಳು. ಬುಟ್ಟಿ ಅವಳ ಟೊಂಕದ ಮೇಲಿರುತ್ತಿತ್ತು, ಮುಖ ಇನ್ನೊಂದು ಕಡೆಗೆ. ದೇವರಿಗೆ ಹೋಗುವ ಹೂವನ್ನು ಮೂಸಬಾರದು, ಮೂಸಿದರೆ ಅದು ಎಂಜಲು ಎಂದು ಅಪ್ಪ ಕಲಿಸಿದ್ದ. ಮಲ್ಲಿಗೆಯ ಬುಟ್ಟಿ ಹೊತ್ತು ಉಸಿರು ಬಿಗಿಹಿಡಿದು ನಡೆಯುವ ಹುಡುಗಿಯನ್ನು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಮದುವೆಗಳಿಗೆ ಹೆಣ್ಣಿನ ತಲೆಗೆ ಕಟ್ಟುವ ಹೂವಿನ ದಂಡೆಯನ್ನೂ ಅವರ ಮನೆಯವರೇ ಮಾಡಿಕೊಡುತ್ತಿದ್ದರು. ಅಂಥದ್ದೊಂದು ಮದುವೆಯಲ್ಲಿ ಶಿವಕ್ಕ ಎಲ್ಲ ಮಕ್ಕಳ ಜತೆ ಊಟಕ್ಕೆ ಕೂತಿದ್ದಳು. ಎಲೆ ಹಾಕಿಯಾಗಿತ್ತು, ಉಪ್ಪಿನಕಾಯಿ ಬಡಿಸಿಯಾಗಿತ್ತು. ಹಿರಿಯರೊಬ್ಬರು ಬಂದು ಅವಳ ಭುಜ ಮುಟ್ಟಿದರು.

“ಹೂಗಾರ್ರ ಹುಡುಗಿ ಅಲ್ಲೇನವಾ ನೀನು? ಏಳವಾ, ನಿಮ್ಮ ಪಂಕ್ತಿ ಆಮ್ಯಾಲೆ.”

ಅವರು ಗದರಲಿಲ್ಲ. ಮೆತ್ತಗೆ, ತಮ್ಮ ಮಗಳಿಗೆ ಹೇಳುವ ಹಾಗೆ ಹೇಳಿದರು. ಗದರಿದ್ದರೆ ಸಿಟ್ಟಾದರೂ ಬರುತ್ತಿತ್ತು ಎಂದು ಶಿವಕ್ಕ ಮುಂದೆ ಒಮ್ಮೆ ಹೇಳಿದ್ದಳು. ಅವಳು ಎದ್ದಳು. ಎದ್ದು ನಿಂತಾಗ ಕೂತವರೆಲ್ಲ ತನ್ನನ್ನೇ ನೋಡಿದರು ಎಂಬುದು ಅವಳ ಎದೆಯಲ್ಲಿ ಹಾಗೆಯೇ ಉಳಿಯಿತು.

ವೀರಣ್ಣ ಅಡುಗೆಯವನು. ಲಂಡನ್ನಿನ ವೆಂಬ್ಲಿಯ ಒಂದು ಸಸ್ಯಾಹಾರಿ ಹೋಟೆಲಿನವರು ಅವನನ್ನು ಕರೆಸಿಕೊಂಡರು. ಹೆಂಡತಿ ಮತ್ತು ಮಗನನ್ನು ಕರೆತಂದು ಹೇಸ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಬಾಡಿಗೆಗೆ ಇದ್ದ. ತೊಂಬತ್ತರ ದಶಕದ ಮೊದಲಲ್ಲಿ, ಕನ್ನಡದವರು ಸೇರಿ ಒಂದು ಹಾಲ್‌ನಲ್ಲಿ ಯುಗಾದಿ ಮಾಡಿದರು. ಬೆಳಗಾವಿಯ ಹೆಂಗಸೊಬ್ಬರು ಶಿವಕ್ಕನ ಕೈ ಹಿಡಿದು, ನಮ್ಮ ಕಡೆ ಮಾತು ಕೇಳಿ ಜೀವ ತಂಪಾಯಿತು ಎಂದು ಹೇಳಿ, “ನಿಮ್ಮ ಅಡ್ಡಹೆಸರು ಏನ್ರೀ?” ಎಂದು ಕೇಳಿದರು.

ಶಿವಕ್ಕನಿಗೆ ಎಲೆಯ ಮುಂದಿಂದ ಎದ್ದದ್ದು ನೆನಪಾಯಿತು. “ವೀರಣ್ಣ ಅಂತ್ರಿ,” ಎಂದುಬಿಟ್ಟಳು.

ಮನೆಗೆ ಬರುವಾಗ ಬಸ್ಸಿನಲ್ಲಿ ವೀರಣ್ಣ, “ನಾ ನಿನಗ ಅಡ್ಡಹೆಸರು ಯಾವಾಗ ಆದ್ನೇ ಮಾರಾಯ್ತಿ? ಇನ್ನ ಮ್ಯಾಲೆ ನಂಗೂ ಒಂದು ಕೊಡು, ನಾ ವೀರಣ್ಣ ಶಿವಕ್ಕ ಅಂತೀನಿ,” ಎಂದು ನಗಿಸಲು ನೋಡಿದ. ಅವಳು ಕಿಟಕಿಯಿಂದಾಚೆ ನೋಡುತ್ತಲೇ ಇದ್ದಳು. ಅಂದಿನಿಂದ ಲಂಡನ್ನಿನ ಕನ್ನಡದವರಿಗೆ ಅವಳು ಶಿವಕ್ಕ ವೀರಣ್ಣ. ಹೆಸರನ್ನು ಮುಚ್ಚಿಟ್ಟರೆ ಸಾಕಾಗಲಿಲ್ಲ, ಕೈಗಳನ್ನೂ ಮುಚ್ಚಿಡಬೇಕಾಯಿತು. ಗಣಪತಿ ಹಬ್ಬಕ್ಕೆ ಹೆಂಗಸರೆಲ್ಲ ಕೂತು ಸೂಜಿಯಲ್ಲಿ ಹೂವು ಪೋಣಿಸುವಾಗ ಅವಳು ಪಾತ್ರೆ ತೊಳೆಯಲು ಒಳಗೆ ಹೋಗುತ್ತಿದ್ದಳು. ಅವಳ ಬೆರಳಿಗೆ ಸೂಜಿ ಬೇಕಿರಲಿಲ್ಲ. ನೂಲು ಕೈಗೆ ಬಂದರೆ ಬೆರಳುಗಳು ತಾವಾಗಿ ಓಡುತ್ತಿದ್ದವು. ಆ ಓಟ ನೋಡಿದವರಿಗೆ ತಾನು ಯಾರ ಮನೆಯವಳೆಂದು ತಿಳಿಯುತ್ತದೆ ಎಂದು ಅವಳಿಗೆ ಹೆದರಿಕೆ.

ತೊಂಬತ್ತೇಳರಲ್ಲಿ ವೀರಣ್ಣ ಒಲೆಯ ಮುಂದೆ ನಿಂತವನು ಹಾಗೆಯೇ ಕುಸಿದು ಹೋದ. ಹೃದಯಾಘಾತ. ಪ್ರಸಾದ ಇನ್ನೂ ಓದುತ್ತಿದ್ದ. ವಿಮಾನ ನಿಲ್ದಾಣದ ಕಡೆಯ ಗೋದಾಮುಗಳಲ್ಲಿ ಎಲ್ಲಿ ಕೆಲಸ ಸಿಕ್ಕಿದರೂ ಸೇರಲು ಶಿವಕ್ಕ ಸಿದ್ಧಳಿದ್ದಳು. ಸಿಕ್ಕಿದ್ದು ಹೂವಿನ ಗೋದಾಮು. ಮೊದಲ ದಿನ ಆ ತಣ್ಣನೆಯ ಕಟ್ಟಡದೊಳಗೆ ಕಾಲಿಟ್ಟು, ಛಾವಣಿ ಮುಟ್ಟುವ ಹೂವಿನ ಪೆಟ್ಟಿಗೆಗಳನ್ನು ನೋಡಿ, ಅಪ್ಪ ನನ್ನನ್ನು ಇಲ್ಲೂ ಬಿಡಲಿಲ್ಲ ಎಂದು ಅಳುತ್ತ ನಕ್ಕಳಂತೆ.

ಹೂವು ಹೆಚ್ಚಾಗಿ ಹಾಲೆಂಡಿನಿಂದ ಬರುತ್ತಿತ್ತು. ಲಾರಿಗಳು ಸಂಜೆ ಅಲ್ಲಿ ಹಡಗು ಹತ್ತಿ, ಬೆಳಿಗ್ಗೆ ಹಾರ್ವಿಚ್ ಬಂದರಿನಲ್ಲಿ ಇಳಿದು ಹೇಸ್‌ಗೆ ಬರುತ್ತಿದ್ದವು. ಅಂಥ ಒಂದು ಲಾರಿಯ ಚಾಲಕ ಗೆರಿಟ್. ಶಿವಕ್ಕನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು, ಎತ್ತರದ ಆಳು, ಕೆನ್ನೆ ಯಾವಾಗಲೂ ಕೆಂಪು. ಒಂದು ಬೆಳಿಗ್ಗೆ ಕೆಲವು ಪೆಟ್ಟಿಗೆಗಳಲ್ಲಿ ಬೂಷ್ಟು ಹಿಡಿದಿದೆಯೇನೋ ಎಂಬ ಅನುಮಾನ ಬಂದು, ಮೇಲ್ವಿಚಾರಕಿ ಎಲ್ಲರಿಗೂ ಮೂಸಿ ನೋಡಲು ಹೇಳಿದಳು. ಎಲ್ಲರೂ ಮೂಸಿದರು. ಶಿವಕ್ಕ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿ ಬೆರಳಿನಿಂದ ಮೊಗ್ಗುಗಳ ಬುಡ ಒತ್ತಿ ನೋಡುತ್ತಿದ್ದಳು.

ಕಾಫಿ ಹಿಡಿದು ಬಾಗಿಲಿಗೊರಗಿ ನಿಂತಿದ್ದ ಗೆರಿಟ್, “ನಿಮಗೆ ನೆಗಡಿಯೇ?” ಎಂದು ಕೇಳಿದ.

ತನಗೆ ಬರುವ ಇಂಗ್ಲಿಷಿನಲ್ಲಿ ಅವಳು ಹೇಳಿದಳು, ಹೂವು ಮೊದಲು ದೇವರಿಗೆ, ಮೂಗಿಗೆ ಆಮೇಲೆ. ಈ ಹೂವು ಯಾರದೋ ಮೇಜಿಗೆ ಹೋಗುವಂಥದ್ದು, ದೇವರಿಗಲ್ಲ ಎಂದು ಅವನು ನೆನಪಿಸಿದ. ಅದು ಹೂವಿಗೇನು ಗೊತ್ತು ಎಂದಳು ಶಿವಕ್ಕ. ಅವನು ನಗಲಿಲ್ಲ. ತನ್ನ ಅಜ್ಜಿ ಬ್ರೆಡ್ಡು ಕೊಯ್ಯುವ ಮೊದಲು ಚಾಕುವಿನಿಂದ ಅದರ ಮೇಲೆ ಶಿಲುಬೆಯ ಗೆರೆ ಎಳೆಯುತ್ತಿದ್ದಳು, ತಾನು ಎಳೆಯುವುದಿಲ್ಲ, ಆದರೆ ಎಳೆಯದೆ ಕೊಯ್ದಾಗಲೆಲ್ಲ ಅಜ್ಜಿ ನೆನಪಾಗುತ್ತಾಳೆ ಎಂದ. ಆಮೇಲೆ ಅವಳ ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡಿ, ಹೂಗಾರ ಎಂದರೆ ಏನು ಎಂದು ಕೇಳಿದ.

ಅಲ್ಲಿ ಕನ್ನಡದವರು ಯಾರೂ ಇರಲಿಲ್ಲ. ಶಿವಕ್ಕ ಹೇಳಿಬಿಟ್ಟಳು. ಹೂವು ಒಯ್ದು ಕೊಡುವವರು, ಕಟ್ಟುವವರು, ಅಪ್ಪ, ಅಪ್ಪನ ಅಪ್ಪ, ಎಲ್ಲರೂ. ಲಂಡನ್ನಿನಲ್ಲಿ ಅದನ್ನು ಹೇಳಿದ್ದು ಅದೇ ಮೊದಲು.

“ಸರಿಯಾದ ಜಾಗಕ್ಕೇ ಬಂದಿದ್ದೀರಿ,” ಎಂದ ಗೆರಿಟ್. “ನನ್ನ ಹೆಸರು ಮಾಂಡೆಮಾಕರ್. ಬುಟ್ಟಿ ಹೆಣೆಯುವವನು ಅಂತ ಅರ್ಥ. ಹೊತ್ತು ತರುವುದು ಮಾತ್ರ ಪ್ಲಾಸ್ಟಿಕ್ ಬಕೆಟ್ಟು.”

ಶಿವಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹಂಗಾರ ನೀವು ಮೇದಾರ್ರು,” ಎಂದಳು ಕನ್ನಡದಲ್ಲೇ. ಮತ್ತೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು: ನಮ್ಮ ಊರಲ್ಲಿ ಬಿದಿರಿನ ಬುಟ್ಟಿ ಹೆಣೆಯುವವರಿಗೆ ಮೇದಾರ ಎನ್ನುತ್ತಾರೆ, ನಮ್ಮ ಅಪ್ಪನ ಬುಟ್ಟಿ ಹೆಣೆದುಕೊಟ್ಟವರು ಅವರೇ. ಅಂದಿನಿಂದ ಅವನು ಅವಳಿಗೆ ಮೇದಾರಣ್ಣ. ಅಕ್ಕ ಎಂದರೆ ಏನೆಂದು ತಿಳಿದ ಮೇಲೂ, ವಯಸ್ಸಿನಲ್ಲಿ ದೊಡ್ಡವನಾದ ಅವನು ಅವಳನ್ನು ಶಿವಕ್ಕ ಎಂದೇ ಕರೆದ.

ಹೀಗೆ ಒಂದು ಆಟ ಶುರುವಾಯಿತು. ವಿರಾಮದಲ್ಲಿ ಇಬ್ಬರೂ ಬಕೆಟ್ಟುಗಳನ್ನು ಬೋರಲು ಹಾಕಿ ಕೂರುವರು. ಅವನ ಊಟ ಒಂದು ಹಳೆಯ ಬೆತ್ತದಂಥ ಬುಟ್ಟಿಯಲ್ಲಿ, ಬ್ರೆಡ್ಡು ಮತ್ತು ಚೀಸ್. ಅವಳದು ಚಪಾತಿ, ಶೇಂಗಾ ಚಟ್ನಿ. ಪೆಟ್ಟಿಗೆಗಳ ಮೇಲೆ ಹೂವು ಬೆಳೆದವರ ಹೆಸರು ಅಚ್ಚಾಗಿರುತ್ತಿತ್ತು. ಶಿವಕ್ಕ ಒಂದೊಂದಕ್ಕೆ ಬೊಟ್ಟು ಮಾಡುವಳು, ಗೆರಿಟ್ ಅರ್ಥ ಹೇಳುವನು, ಆಮೇಲೆ ಅವಳು ಆ ಮನುಷ್ಯನನ್ನು ಧಾರವಾಡದ ಓಣಿಯಲ್ಲಿ ಕೂರಿಸುವಳು. ಟಿಮ್ಮರ್‌ಮನ್ ಮರಗೆಲಸದವನು, ಹಾಗಾದರೆ ಬಡಿಗೇರ. ಸ್ಮಿಟ್ ಎಂದರೆ ಕಮ್ಮಾರ. ಪಾಟ್ಟೆಬಾಕರ್ ಕುಂಬಾರ. ಓಲಿಸ್ಲಾಖರ್ ಎಣ್ಣೆ ತೆಗೆಯುವವನು, ಅವನು ಗಾಣಿಗೇರ. ವಿಸ್ಸರ್ ಮೀನು ಹಿಡಿಯುವವನು, ಅವನನ್ನು ಅಂಬಿಗೇರರ ಮನೆಗೆ ಕಳಿಸಿದಳು. ವಾನ್ ಡೈಕ್ ಎಂದರೆ ಏರಿಯ ಮೇಲಿನವನು, ವಾನ್ ಡೆರ್ ಮೇರ್ ಎಂದರೆ ಕೆರೆಯ ಕಡೆಯವನು.

“ಅಂದರೆ ಕೆರೆಯವರ,” ಎಂದಳು. “ಕೆರಿ ಮ್ಯಾಲಿನ ಮನೆಯವರು ನಮ್ಮಲ್ಲೂ ಅದಾರ.”

ಜೂಟೆಮೆಲ್ಕ್ ಎಂದರೆ ಸಿಹಿ ಹಾಲು ಎಂದಾಗ ಅವಳಿಗೆ ನಂಬಿಕೆಯಾಗಲಿಲ್ಲ. ನಮ್ಮಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಇದ್ದಾರೆ ಎಂದಾಗ ಅವನಿಗೂ ನಂಬಿಕೆಯಾಗಲಿಲ್ಲ. ಈರುಳ್ಳಿ ಎಂಬ ಹೆಸರಿನವರು ನಿಜವಾಗಿಯೂ ಇದ್ದಾರೆಯೇ ಎಂದು ಕೇಳಿದ. ಇದ್ದಾರೆ, ವಕೀಲರು ಎಂದಳು.

“ಮಂದಿ ನಗುವುದಿಲ್ಲವೇ, ನಿಮ್ಮಲ್ಲಿ?” ಎಂದು ಅವಳು ಒಮ್ಮೆ ಕೇಳಿದಳು.

“ಯಾರನ್ನು ನೋಡಿ ನಗುವುದು? ನಕ್ಕವನ ಹೆಸರು ಇನ್ನೂ ವಿಚಿತ್ರ ಇರುತ್ತದೆ. ನಮ್ಮ ಊರಿನ ಬ್ಯಾಂಕಿನಲ್ಲಿ ಒಬ್ಬ ನಾಕ್ಟ್‌ಖೆಬೋರನ್ ಇದ್ದಾನೆ. ಬತ್ತಲೆ ಹುಟ್ಟಿದವನು ಅಂತ. ದಿನಾ ಕೋಟು ಟೈ ಹಾಕಿಕೊಂಡು ಕೂರುತ್ತಾನೆ.”

ಶಿವಕ್ಕ ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವೀರಣ್ಣ ಹೋದ ಮೇಲೆ ಹಾಗೆ ನಕ್ಕಿರಲಿಲ್ಲ.

ಅಂಥ ಹೆಸರುಗಳ ಬಗ್ಗೆ ಅಲ್ಲಿ ಒಂದು ಕತೆಯಿದೆಯಂತೆ. ಸುಮಾರು ಇನ್ನೂರು ವರ್ಷದ ಹಿಂದೆ ಫ್ರೆಂಚರ ದೊರೆ ಹಾಲೆಂಡನ್ನು ಆಳುತ್ತಿದ್ದಾಗ, ಅಡ್ಡಹೆಸರು ಇಲ್ಲದವರೆಲ್ಲ ಒಂದು ಹೆಸರು ಬರೆಸಬೇಕೆಂದು ಅಪ್ಪಣೆಯಾಯಿತು. ಈ ದೊರೆ ನಾಳೆ ಹೋಗುವವನು ಎಂದುಕೊಂಡು ಜನ ಬಾಯಿಗೆ ಬಂದದ್ದು ಬರೆಸಿದರು, ದೊರೆ ಹೋದ, ಹೆಸರು ಉಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ಗೆರಿಟ್‌ನ ಅಣ್ಣ ಮೇಷ್ಟ್ರು. ಅದು ಬಹುಪಾಲು ಕಟ್ಟುಕತೆ, ಹೆಚ್ಚಿನವರಿಗೆ ಅದಕ್ಕೂ ಮೊದಲೇ ಹೆಸರಿದ್ದವು ಎಂದು ಅವನ ವಾದ. ಆದರೆ ಉತ್ತರದ ಕಡೆ ಎಷ್ಟೋ ಮನೆಗಳಲ್ಲಿ ಆವರೆಗೂ ಅಪ್ಪನ ಹೆಸರೇ ಮಗನಿಗೆ ನಡೆಯುತ್ತಿದ್ದದ್ದು ನಿಜ. ಪೀಟರನ ಮಗ ಯಾನ್, ಯಾನನ ಮಗ ಪೀಟರ್. ಪ್ರಸಾದನಿಗೆ ನಿಖಿತಾಳ ಜತೆ ಮದುವೆ ಗೊತ್ತಾದ ಮೇಲೆ ಶಿವಕ್ಕನಿಗೆ ಈ ಮಾತು ನೆನಪಿಗೆ ಬಂತು. “ನಮ್ಮ ಬೀಗರು ಇನ್ನೂ ಆ ದೊರಿ ಬರೋದಕ್ಕಿಂತ ಹಿಂದ ಅದಾರ,” ಎಂದು ಗೆರಿಟ್‌ಗೆ ಹೇಳಿ ನಗುತ್ತಿದ್ದಳು.

ಊಟದ ಪಂಕ್ತಿಯಿಂದ ಎದ್ದ ಕತೆಯನ್ನೂ ಅವಳು ಗೆರಿಟ್‌ಗೆ ಹೇಳಿದ್ದಳು. ಅವನು ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಬುಟ್ಟಿಗೆ ವಾಪಸಿಟ್ಟ. “ಬುಟ್ಟಿಯವನು ಎಂದು ನನ್ನನ್ನು ಯಾರೂ ಎಬ್ಬಿಸಿಲ್ಲ. ಹಾಗಾಗಿ ನನಗೆ ಅದು ಗೊತ್ತಾಗುವುದಿಲ್ಲ,” ಎಂದ. ಆಮೇಲೆ, “ಆ ಮುದುಕ ಬದುಕಿದ್ದಾನೆಯೇ?” ಎಂದು ಕೇಳಿದ.

“ಇರಲಿಕ್ಕಿಲ್ಲ.”

“ಹಾಗಾದರೆ ಇಲ್ಲಿ ಯಾರಿಗೆ ಹೆದರುತ್ತೀರಿ?”

ಶಿವಕ್ಕ ಎದ್ದು ಬಕೆಟ್ಟನ್ನು ಅದರ ಜಾಗದಲ್ಲಿಟ್ಟಳು.

ಮೊಮ್ಮಗಳು ಹುಟ್ಟಿದ ಮರುವಾರ ಗೆರಿಟ್‌ನ ಕೊನೆಯ ಪ್ರಯಾಣವಿತ್ತು. ಅವನಿಗೆ ನಿವೃತ್ತಿ. ಬೆನ್ನು ನೋವು ಬೇರೆ ಹೆಚ್ಚಾಗಿತ್ತು. ಮಗುವಿನ ವಿಷಯ ಕೇಳಿ ಅವಳ ಎರಡೂ ಕೈ ಹಿಡಿದು ಕುಲುಕಿದ. “ಹೆಸರು?”

“ಸಾನ್ವಿ.”

“ಸಾನ್ವಿ ಹೂಗಾರ,” ಎಂದ ಅವನು, ತನ್ನದೇ ಆದ ಗಂಟಲಿನ ಉಚ್ಚಾರದಲ್ಲಿ.

“ಅಲ್ಲ, ಸಾನ್ವಿ ಪ್ರಸಾದ್,” ಎಂದಳು. ಹೆಸರು ಸರಕಾರಿ ಕಚೇರಿಯಲ್ಲಿ ಇನ್ನೂ ಬರೆಸಿಲ್ಲ, ಶನಿವಾರ ಬೀಗರ ಮನೆಯಲ್ಲಿ ತೊಟ್ಟಿಲಿಗೆ ಹಾಕುತ್ತಾರೆ, ಬೀಗರು ದೊಡ್ಡ ಮಂದಿ, ಅವರಿಗೆ ನಮ್ಮ ಹೆಸರಿನಿಂದ ಮುಜುಗರವಿರಬಹುದು, ಬಾಯಿಬಿಟ್ಟು ಹೇಳಿಲ್ಲ ಅಷ್ಟೇ ಎಂದಳು.

“ಮುಜುಗರ ಅಂತ ಅವರು ಹೇಳಿದರೇ?”

“ಇಲ್ಲ.”

“ನೀವು ಕೇಳಿದಿರಾ?”

“ಇಲ್ಲ.”

ಗೆರಿಟ್ ಲಾರಿ ಹತ್ತಿ ತನ್ನ ಊಟದ ಬುಟ್ಟಿ ತಂದ. ಒಳಗಿದ್ದ ಚೂರುಪಾರು ಕೊಡವಿ ಅವಳ ಕೈಗೆ ಕೊಟ್ಟ. “ಇದು ನನ್ನ ಮುತ್ತಜ್ಜ ಹೆಣೆದದ್ದು. ನಮ್ಮ ಕಡೆ ನೀರಿನ ದಡದಲ್ಲಿ ಬೆಳೆಯುವ ಗಿಡದ ಬಾಗುವ ಕಡ್ಡಿ. ಅವನಾದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಹೆಣೆಯಲು ಬರುವುದಿಲ್ಲ. ಅಜ್ಜ ದೋಣಿ ನಡೆಸಿದ, ಅಪ್ಪ ಅಂಚೆಯವನು, ನಾನು ಇದು. ಮಕ್ಕಳಿಗೆ ಇದು ಬೇಡ. ಅವರಿಗೆ ಹೆಸರು ಹೇಗೂ ಇದೆ.” ಸ್ವಲ್ಪ ತಡೆದು, “ಶನಿವಾರ ಹೂವು ಇದರಲ್ಲಿ ಒಯ್ಯಿರಿ,” ಎಂದ.

ಲಾರಿ ಹೋದ ಮೇಲೂ ಅವಳು ಬುಟ್ಟಿ ಹಿಡಿದು ಅಂಗಳದಲ್ಲೇ ನಿಂತಿದ್ದಳು.

ಶನಿವಾರ ಪ್ರಸಾದ ಕಾರಿನಲ್ಲಿ ಕರೆದುಕೊಂಡು ಹೋದ. ಬುಟ್ಟಿ ಅವಳ ಮಡಿಲಲ್ಲಿತ್ತು. ಅದರಲ್ಲಿ ಬಿಳಿ ಸೇವಂತಿಗೆ, ಸಣ್ಣ ಗುಲಾಬಿ, ಮೇಲೆ ಒದ್ದೆ ಬಟ್ಟೆ. ಹ್ಯಾರೋ ದಾಟುವಾಗ ಶಿವಕ್ಕ ಸಾಕಷ್ಟು ಧೈರ್ಯ ಕೂಡಿಸಿ, “ಪ್ರಸಾದಾ, ನಮ್ಮ ಹೆಸರು ಕೂಸಿಗೆ ಬ್ಯಾಡಂತ ನಿನಗ ಅನಿಸೇತೇನು?” ಎಂದಳು.

ಅವನು ಕನ್ನಡಿಯಲ್ಲಿ ಹಿಂದೆ ನೋಡಿ, ಗಾಡಿ ನಿಧಾನ ಮಾಡಿದ. “ಅವ್ವಾ, ನೀನ ಅದನ್ನ ಯೂಸ್ ಮಾಡಂಗಿಲ್ಲ. ಕನ್ನಡ ಸಂಘದಾಗ ಎಲ್ಲಾರೂ ನಿನಗ ಮಿಸೆಸ್ ವೀರಣ್ಣ ಅಂತಾರ. ನಿನಗ ಬ್ಯಾಡ ಅಂತ ನಾ ತಿಳಕೊಂಡೆ. ನಿಖಿತಾ ಮೀನಿಂಗ್ ಕೇಳಿದ್ಲು, ಅವ್ವಗ ಆ ಮಾತು ಸೇರಂಗಿಲ್ಲ, ಕೇಳಬ್ಯಾಡ ಅಂದೆ.”

ಶಿವಕ್ಕನಿಗೆ ಮಗನ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಸ್ಟ್ಯಾನ್ಮೋರಿನ ಮನೆ ತುಂಬಾ ಜನ. ಡಾಕ್ಟರುಗಳು, ಅವರ ಹೆಂಡತಿಯರು, ಕನ್ನಡ ತಿಳಿದೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು. ನಿಖಿತಾಳ ತಾಯಿ, ನಿವೃತ್ತ ಸರ್ಜನ್ ವತ್ಸಲಾ, ಬಾಗಿಲಿಗೇ ಬಂದು ಬುಟ್ಟಿ ನೋಡಿ, “ಅಯ್ಯೋ, ಎಷ್ಟು ಚೆನ್ನಾಗಿದೆ. ಬನ್ನಿ ಬನ್ನಿ, ಹೂವಿಗೇ ಕಾಯ್ತಾ ಇದ್ವಿ,” ಎಂದರು. ತೊಟ್ಟಿಲಿನ ಸುತ್ತ ನಾಲ್ಕೈದು ಹೆಂಗಸರು ಸೂಜಿದಾರ ಹಿಡಿದು ಕೂತಿದ್ದರು. ಅಂಗಡಿಯ ಹೂವು ಅರ್ಧ ಹರಿದು, ದಾರ ಗಂಟು ಬಿದ್ದು, ಮಾಲೆ ಗೇಣುದ್ದವೂ ಆಗಿರಲಿಲ್ಲ.

“ನೀವು ಕೂತ್ಕೊಳ್ಳಿ, ಕಾಫಿ ತರ್ತೀನಿ,” ಎಂದರು ವತ್ಸಲಾ.

ಎಂದಿನಂತೆ ಶಿವಕ್ಕನ ಕಾಲು ಅಡುಗೆಮನೆಯ ಕಡೆ ತಿರುಗಿದವು. ಅಲ್ಲಿ ತೊಳೆಯಲು ಪಾತ್ರೆ ಇದ್ದೇ ಇರುತ್ತವೆ. ತಿರುಗಿದವಳು ನಿಂತಳು. ಬುಟ್ಟಿ ಕೈಯಲ್ಲೇ ಇತ್ತು. ಮತ್ತೆ ಈ ಕಡೆ ಬಂದು ತೊಟ್ಟಿಲಿನ ಪಕ್ಕ ಚಾಪೆಯ ಮೇಲೆ ಕೂತು, ಒದ್ದೆ ಬಟ್ಟೆ ತೆಗೆದಳು.

“ಆ ಸೂಜಿ ಬಿಡ್ರಿ. ನೂಲು ಅಷ್ಟ ಕೊಡ್ರಿ.”

ನೂಲಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಳು. ಬೆರಳು ಓಡತೊಡಗಿದವು. ಎರಡು ಸೇವಂತಿಗೆ, ಒಂದು ಗುಲಾಬಿ, ಒಂದು ಸುತ್ತು, ಒಂದು ಬಿಗಿತ. ಮುಖ ಹೂವಿನಿಂದ ಸ್ವಲ್ಪ ಪಕ್ಕಕ್ಕೆ. ಮಕ್ಕಳು ಬಂದು ಸುತ್ತ ಕೂತರು. ಒಬ್ಬ ಹುಡುಗಿ ಮೊಬೈಲಿನಲ್ಲಿ ಚಿತ್ರ ತೆಗೆಯಲು ನೋಡಿ, ಬೆರಳು ನಿಲ್ಲುವುದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ದೂರಿದಳು.

“ಇದೆಲ್ಲಿ ಕಲಿತ್ರಿ?” ಎಂದರು ವತ್ಸಲಾ, ಕಾಫಿಯ ಲೋಟ ಕೈಯಲ್ಲೇ ಮರೆತು.

“ನಮ್ಮ ಮನೀ ಕೆಲಸ ಇದ ರೀ,” ಎಂದಳು ಶಿವಕ್ಕ. “ಹೂಗಾರ್ರು ನಾವು.” ತಲೆ ಎತ್ತಲಿಲ್ಲ. ಯಾರೋ ಬಂದು ಭುಜ ಮುಟ್ಟುತ್ತಾರೆ ಎಂದು ಮೈಯೆಲ್ಲ ಕಾಯುತ್ತಿತ್ತು.

ಯಾರೂ ಮುಟ್ಟಲಿಲ್ಲ. ವತ್ಸಲಾ ಕಾಫಿ ಪಕ್ಕಕ್ಕಿಟ್ಟು ಎದುರು ಕೂತು, “ನನಗೂ ತೋರಿಸಿಕೊಡಿ, ನಿಧಾನವಾಗಿ,” ಎಂದು ಸೆರಗು ಸಿಕ್ಕಿಸಿಕೊಂಡರು. ಅವರು ಕಟ್ಟಿದ ಮೊದಲ ಗಂಟು ಬಿಚ್ಚಿಹೋಯಿತು, ಎರಡನೆಯದರಲ್ಲಿ ಗುಲಾಬಿಯ ತಲೆಯೇ ಕೈಗೆ ಬಂತು. “ಇವಳು ಆಪರೇಷನ್ನೂ ಹೀಗೇ ಮಾಡ್ತಿದ್ಲಾ ಅಂತ,” ಎಂದರು ಹಿಂದಿನಿಂದ ನರಸಿಂಹಮೂರ್ತಿ. “ನೀವು ಸುಮ್ನಿರಿ,” ಎಂದರು ವತ್ಸಲಾ.

ಮಾಲೆ ತೊಟ್ಟಿಲಿಗೆ ಏರಿತು. ಮಗುವನ್ನು ಮಲಗಿಸಿದರು. ಶಿವಕ್ಕನ ಊರ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುತ್ತಾರೆ. ಪ್ರಸಾದನಿಗೆ ಅಕ್ಕತಂಗಿಯರಿಲ್ಲ. ಯಾರು ಹೇಳಬೇಕು ಎಂಬ ಮಾತು ಬಂದಾಗ ನಿಖಿತಾ, “ಅತ್ತೆ ಹೇಳಲಿ,” ಎಂದಳು. ಅವಳು ಕನ್ನಡದಲ್ಲಿ ಮಾತಾಡುವುದೇ ಅಪರೂಪ. ಎಲ್ಲರೂ ಒಪ್ಪಿದರು.

ಶಿವಕ್ಕ ಬಾಗಿದಳು. ಮಗುವಿನ ಕಿವಿ ಗುಲಾಬಿಯ ಎಸಳಿನಷ್ಟು ತೆಳುವಾಗಿತ್ತು. ತುಟಿ ಹತ್ತಿರ ಒಯ್ದವಳು ಮತ್ತೆ ನೆಟ್ಟಗಾದಳು. ನರಸಿಂಹಮೂರ್ತಿಯವರ ಕಡೆ ತಿರುಗಿ ಕೈ ಮುಗಿದಳು.

“ಬೀಗರ, ಒಂದು ಮಾತು ಕೇಳತೀನ್ರಿ. ತಪ್ಪು ತಿಳಕೋಬ್ಯಾಡ್ರಿ. ನಮ್ಮ ಮನೀ ಹೆಸರು ಕೂಸಿಗೆ ಇಡಲೇನ್ರಿ? ನಮ್ಮ ಮನಿಯಾಗ ಇದ್ದದ್ದು ಅದೊಂದ ರೀ.”

ನರಸಿಂಹಮೂರ್ತಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

“ನಿಮಗೇ ಬೇಡವೇನೋ ಅಂತ ಅಂದ್ಕೊಂಡಿದ್ದೆ ನಾನು,” ಎಂದರು. “ಮದುವೇಲಿ ನೀವೇ ವೀರಣ್ಣ ಅಂತ ಪರಿಚಯ ಮಾಡ್ಕೊಂಡ್ರಿ. ಸರಿ, ಇವರೂ ನಮ್ಮ ಥರಾನೇ ಅಂತ ತಿಳ್ಕೊಂಡೆ. ನಮ್ಮನೆ ಕತೆ ಕೇಳಿ. ಏರ್‌ಪೋರ್ಟಲ್ಲಿ ನಾನೊಂದು ಹೆಸರು, ಇವಳು ಇವರಪ್ಪನ ಹೆಸರು, ಮಗಳು ನನ್ನ ಹೆಸರು. ಇವಳು ನಿಮ್ಮ ಹೆಂಡತೀನೇನಾ ಅಂತ ಎಷ್ಟು ಸಲ ಕೇಳಿದಾರೆ.”

“ಒಂದ್ಸಲ ಅಲ್ಲ ಅಂದಿದ್ರು ಇವರು,” ಎಂದರು ವತ್ಸಲಾ. “ನಿದ್ದೆಗಣ್ಣಲ್ಲಿ.”

ನಗು ನಿಂತ ಮೇಲೆ ನರಸಿಂಹಮೂರ್ತಿ ಮೆಲ್ಲಗೆ ಹೇಳಿದರು. “ನನ್ನ ಅಜ್ಜನ ಹೆಸರು ನನ್ನ ಮಗಳಿಗೆ ಗೊತ್ತಿಲ್ಲ ಶಿವಕ್ಕನೋರೇ. ನಮ್ಮಲ್ಲಿ ಎರಡು ತಲೆಗೆ ಹೆಸರು ಅಳಿಸಿಹೋಗುತ್ತೆ. ಕೊಡೋಣ ಅಂದ್ರೂ ನನ್ನ ಹತ್ರ ಅಂಥದ್ದು ಒಂದಿಲ್ಲ. ನಿಮ್ಮ ಹತ್ರ ಇದೆ. ಕೊಡಿ.”

ಶಿವಕ್ಕ ನಿಖಿತಾಳನ್ನು ನೋಡಿದಳು. ನಿಖಿತಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಪ್ಲೀಸ್ ಎಂದಳು, ಅಷ್ಟೇ.

ಶಿವಕ್ಕ ಬಾಗಿ ಕಿವಿಯಲ್ಲಿ ಹೇಳಿದಳು. ಸಾನ್ವಿ ಹೂಗಾರ. ಹೇಳಿ ಹಾಗೆಯೇ ಬಾಗಿ ನಿಂತಳು. ಏನೂ ಆಗಲಿಲ್ಲ.

“ಗುದ್ರಿ,” ಎಂದಳು ತಿರುಗಿ. “ಯಾಕ ನಿಂತೀರಿ? ಬೆನ್ನಿಗೆ ಗುದ್ರಿ, ಅದ ಪದ್ಧತಿ.” ಮೈಸೂರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ವತ್ಸಲಾ ಹೆದರಿ ಹೆದರಿ ಒಂದು ಗುದ್ದು ಹಾಕಿದರು. ಆಮೇಲೆ ಬಾಕಿಯವರು ಹಿಂದೆ ಉಳಿಯಲಿಲ್ಲ. ಶಿವಕ್ಕ ಅಷ್ಟು ಸಂತೋಷದಿಂದ ಗುದ್ದು ತಿಂದದ್ದು ಅಂದೇ. ಊಟಕ್ಕೆ ಅವಳನ್ನು ವತ್ಸಲಾ ತಮ್ಮ ಪಕ್ಕದಲ್ಲಿ, ಮೊದಲ ಪಂಕ್ತಿಯಲ್ಲೇ ಕೂರಿಸಿಕೊಂಡರು. ಅದರ ಅರ್ಥ ವತ್ಸಲಾಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಮಾಡಿದ್ದರಿಂದಲೇ ಅದು ಹೊಟ್ಟೆಗೆ ಇಳಿಯಿತು ಎಂದು ಶಿವಕ್ಕ ಹೇಳುತ್ತಿದ್ದಳು.

ಅದಾದ ಮೇಲೆ ಲಂಡನ್ನಿನ ಕನ್ನಡದವರ ಹಬ್ಬಗಳಲ್ಲಿ ಪಾತ್ರೆ ತೊಳೆಯುವವರು ಬೇರೆಯಾದರು. ಶಿವಕ್ಕ ಮಂಟಪದ ಮುಂದೆ ಕೂತು ಕಟ್ಟುತ್ತಿದ್ದಳು. ಅವಳ ಸುತ್ತ ಕಲಿಯುವವರು ಇದ್ದರು. ಹೊಸಬರು ಬಂದು ಹೆಸರು ಕೇಳಿದರೆ ಪೂರ್ತಿ ಹೇಳುತ್ತಿದ್ದಳು. ಸಾನ್ವಿ ನಡೆಯಲು ಕಲಿತ ಮೇಲೆ ಒಂದು ದಿನ ಗುಲಾಬಿಯೊಂದನ್ನು ತಂದು ಅಜ್ಜಿಯ ಮೂಗಿಗೇ ಒತ್ತಿದಳು. ಶಿವಕ್ಕ ಹಿಂದೆ ಸರಿದಳು. ಮಗು ಬಿಡಲಿಲ್ಲ. ಇದು ಕೂಸಿನ ಹೂವು, ದೇವರದಲ್ಲ ಎಂದುಕೊಂಡು ಕೊನೆಗೆ ಉಸಿರು ಎಳೆದಳು. ಗೆರಿಟ್‌ಗೆ ಫೋನು ಮಾಡಿ ಅದನ್ನು ಹೇಳಿದಳು. ಹೇಗಿತ್ತು ಎಂದು ಅವನು ಕೇಳಿದ. ಛಲೋ ಇತ್ತು ಎಂದಳು.

ಎರಡು ಸಾವಿರದ ಒಂಬತ್ತರ ಅಕ್ಟೋಬರಿನಲ್ಲಿ ಅವಳು ಹೋದಳು. ಕಾಯಿಲೆ ಬಹಳ ದಿನ ಇರಲಿಲ್ಲ. ಕೊನೆಯ ದಿನಗಳಲ್ಲಿ ಹೆಚ್ಚಾಗಿ ಥ್ಯಾಂಕ್ಸ್ ಎಂಬ ಒಂದೇ ಇಂಗ್ಲಿಷ್ ಮಾತು ಅವಳ ಬಾಯಲ್ಲಿತ್ತು. ನರ್ಸಿಗೆ, ಸೊಸೆಗೆ, ನೀರು ಕೊಟ್ಟವರಿಗೆ, ಕಿಟಕಿ ತೆರೆದವರಿಗೆ.

ಇಲ್ಲಿನ ಜನ ಶವದ ಗಾಡಿಯ ಗಾಜಿನ ಒಳಗೆ, ಪೆಟ್ಟಿಗೆಯ ಪಕ್ಕದಲ್ಲಿ, ಹೂವಿನಿಂದ ಮಾಡಿದ ಅಕ್ಷರಗಳನ್ನು ನಿಲ್ಲಿಸುತ್ತಾರೆ. ಅಮ್ಮ ಎಂದೋ ಅಜ್ಜಿ ಎಂದೋ ಇಂಗ್ಲಿಷಿನಲ್ಲಿ. ಯಾವ ಅಕ್ಷರ ಬೇಕು ಎಂದು ಶವಸಂಸ್ಕಾರದ ಕಚೇರಿಯವರು ಕೇಳಿದಾಗ ಪ್ರಸಾದ ಅಮ್ಮ ಎನ್ನಲು ಹೊರಟಿದ್ದ. ನಿಖಿತಾ ಅವನ ಕೈ ಹಿಡಿದು ಬೇರೆ ಹೇಳಿದಳು. ಹೂವು ಹಾಲೆಂಡಿನ ಆಲ್ಸ್‌ಮೇರ್ ಕಡೆಯಿಂದ ಹಳೆಯ ಗೋದಾಮಿಗೆ ಬಂತು. ಅಕ್ಷರಗಳನ್ನು ಕಟ್ಟಿದವರು ಅವಳ ಜತೆ ಕೆಲಸ ಮಾಡಿದ ಹೆಂಗಸರು.

ಅಂದು ಬೆಳಿಗ್ಗೆ ಹೇಸ್‌ನ ಅಕ್ಸ್‌ಬ್ರಿಜ್ ರಸ್ತೆಯಲ್ಲಿ ಗಾಡಿ ನಿಧಾನವಾಗಿ ಹೋಯಿತು. ಬಸ್ಸಿಗೆ ಕಾಯುತ್ತಿದ್ದವರು, ಅಂಗಡಿಯ ಬಾಗಿಲಲ್ಲಿ ನಿಂತವರು, ಗಾಜಿನೊಳಗೆ ಬಿಳಿ ಸೇವಂತಿಗೆಯಲ್ಲಿ ಬರೆದ ಹೂಗಾರ ಎಂಬ ಹೆಸರನ್ನು ಓದಿದರು. ಅದು ಯಾವ ದೇಶದ ಹೆಸರು, ಅರ್ಥವೇನು ಎಂದು ಅವರಿಗೆ ಗೊತ್ತಿರಲಿಲ್ಲ. ಓದಿದವರಲ್ಲಿ ಒಬ್ಬ ಮುದುಕ ಟೋಪಿ ತೆಗೆದ. ಸ್ಮಶಾನದ ಬಾಗಿಲಲ್ಲಿ, ಅಕ್ಷರ ಕಲಿಯುತ್ತಿದ್ದ ಸಾನ್ವಿ ಅಪ್ಪನ ಹೆಗಲ ಮೇಲಿಂದ ಒಂದೊಂದನ್ನೇ ಓದಿ, “ದಟ್ಸ್ ಮೈನ್,” ಎಂದಳು. ಯಾರೂ ಅಲ್ಲವೆನ್ನಲಿಲ್ಲ.

ಗೆರಿಟ್ ಕೋಲೂರಿಕೊಂಡು ಬಂದಿದ್ದ. ಗುಂಡಿಯ ಹತ್ತಿರ ನರಸಿಂಹಮೂರ್ತಿ ಅವನ ತೋಳಿಗೆ ಆಸರೆಯಾಗಿ ನಿಂತರು. ಶಿವಕ್ಕನ ಬುಟ್ಟಿಯನ್ನು ವತ್ಸಲಾ ತಂದಿದ್ದರು. ಅದರಲ್ಲಿ ಮಣ್ಣಿನ ಮೇಲೆ ಹಾಕಲು ಬಿಡಿ ಹೂವು, ಎಲ್ಲಿಂದಲೋ ದೊರಕಿಸಿದ ನಾಲ್ಕು ಬಿಲ್ವಪತ್ರೆ. ಗೆರಿಟ್ ಒಂದು ಹಿಡಿ ಹೂವು ತೆಗೆದುಕೊಂಡು, ಎಲ್ಲರೂ ಮಾಡುವ ಹಾಗೆ ಮುಖದ ಹತ್ತಿರ ತಂದ. ತಂದವನು ನೆನಪಾಗಿ ನಿಲ್ಲಿಸಿದ. ಉಸಿರು ಬಿಗಿಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಹೂವು ಕೆಳಗೆ ಬಿಟ್ಟ.